ಕೋಡಿಯ ಬಾಯಿಗೆ ಕಟ್ಟಿದ ಗಂಟು

ಅಕ್ಕನ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು, ಮುನಿಸಿಕೊಂಡ ಮಗುವಿನಂತೆ ಬೇರೆಯೇ ನಿಂತಿರುತ್ತಿತ್ತು. ಚಿಕ್ಕವಳಿದ್ದಾಗಿನಿಂದ ಗುಂಡಿಮಗ್ಗದಲ್ಲಿ ಕೂತು ತುಳಿದ ಕಾಲು ಅದು. ಯಾವ ಚಪ್ಪಲಿಯೂ ಹೊಂದುತ್ತಿರಲಿಲ್ಲ. ಕೆರೆ ಏರಿಯ ಹಸಿ ಮಣ್ಣಿನಲ್ಲಿ ಹೆಜ್ಜೆ ಬಿದ್ದಿದ್ದರೆ ಅದು ಅವಳದೇ ಎಂದು ದೋಣಿ ಹತ್ತಲು ಬಂದ ಮಕ್ಕಳೂ ಹೇಳುತ್ತಿದ್ದರು.

ನಮ್ಮದು ನೆಗಮಂ ಕಡೆಯ ನೇಕಾರರ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟವನು, ಅದೂ ತಮಿಳು ಶಾಲೆ. ಈ ಕನ್ನಡ ಅಕ್ಷರಗಳನ್ನು ಅಪ್ಪ ಅಕ್ಕನಿಗೆ ಕಲಿಸಿದರು, ಅಕ್ಕ ನನಗೆ ಕಲಿಸಿದಳು. ನೂಲು ಹರಿದಾಗ ಹಾಕುವ ಗಂಟನ್ನೂ ಅವಳೇ ಕಲಿಸಿದ್ದು. ಪುಟ್ಟ ಗಂಟು. ಎಳೆದಷ್ಟೂ ಬಿಗಿಯುತ್ತದೆ, ಬಿಚ್ಚಲು ಬರುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ ಮಗ್ಗ ನಿಂತಿತು. ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ಇಟ್ಟಿದ್ದ ಒಬ್ಬ ಮೊದಲಾಳಿ ತನ್ನ ತೋಟದ ಹಳ್ಳಕ್ಕೆ ಮಣ್ಣಿನ ಏರಿ ಹಾಕಿಸಿ, ಕೆರೆ ಮಾಡಿ, ಪೆಡಲ್ ದೋಣಿ ಬಿಟ್ಟಿದ್ದ. ರಜೆಯ ದಿನ ಜನ ಕಾರಿನಲ್ಲಿ ಬರುತ್ತಿದ್ದರು. ದೋಣಿಯ ಕೆಲಸ ನನ್ನದು, ಏರಿಯ ಕೆಲಸ ಅಕ್ಕನದು. ಮೊಳೆತ ಗಿಡವನ್ನು ಬೇರು ಇಳಿಯುವ ಮೊದಲೇ ಕೀಳುತ್ತಿದ್ದಳು, ಏಡಿ ತೋಡಿದ ಬಿಲವನ್ನು ಮೆಟ್ಟಿ ಮೆಟ್ಟಿ ಮುಚ್ಚುತ್ತಿದ್ದಳು. ಸಂಜೆಯಾದರೆ ಹೆಚ್ಚಿನ ನೀರು ಹೊರಗೆ ಹೋಗುವ ಕೋಡಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದಳು. ಮೀನು ಹುರಿಯುವ ಹೆಂಗಸು, ಅಲ್ಲೇನು ಗಂಡನ್ನು ನೋಡಲು ಹೋಗುತ್ತೀಯಾ ಎಂದು ಚೇಷ್ಟೆ ಮಾಡುತ್ತಿದ್ದಳು. ಅಕ್ಕ, ಹೌದು, ಅವನೊಬ್ಬನೇ ಹೇಳಿದ ಮಾತು ಕೇಳುತ್ತಾನೆ ಎನ್ನುತ್ತಿದ್ದಳು.

ತಮಿಳಿನವರಂತೆ ಅವಳು ನನ್ನನ್ನು ಮುದ್ದಿನಿಂದ ಕಣ್ಣು ಎಂದೇ ಕರೆಯುತ್ತಿದ್ದಳು. "ನೀರೂ ನೂಲೂ ಒಂದೇ, ಕಣ್ಣು," ಎಂದು ನನಗೆ ಹೇಳುತ್ತಿದ್ದಳು. "ಒಂದೆಳೆ ಬಿಟ್ಟರೆ ಪೂರಾ ಹೋಗ್ತದೆ."

ಏರಿಯ ಕೆಳಗೆ ಅವಳಿಗೊಂದು ಕೋಣೆ ಕೊಟ್ಟಿದ್ದರು. ಅಪ್ಪನ ಮಗ್ಗದ ಮರಗಳನ್ನು ಅವಳು ಮಾರಿರಲಿಲ್ಲ. ಮೊದಲಾಳಿಯನ್ನು ಕೇಳಿ ಕೇಳಿ ಒಪ್ಪಿಸಿ, ಆ ಕೋಣೆಯ ನೆಲದಲ್ಲಿ ಮಗ್ಗದ ಗುಂಡಿ ತೋಡಿದಳು. ದೀಪಾವಳಿ ಕಳೆದ ಮೇಲೆ ಮಗ್ಗ ಹೂಡುವುದು ಎಂದಿದ್ದಳು. ಆ ದಿನಗಳಲ್ಲಿ ಅವಳ ನಡಿಗೆಯೇ ಬೇರೆಯಾಗಿತ್ತು.

ದೀಪಾವಳಿಯ ಮಾರನೆಯ ದಿನ ದೊಡ್ಡ ಗುಂಪು ಬರುವುದಿತ್ತು. ದೋಣಿಯ ಮೆಟ್ಟಿಲಿನ ಕೆಳಗೆ ಯಾವಾಗಲೂ ಕೆಸರು. ಒಂದು ಗೇಣು ನೀರು ಏರಿದರೆ ದೋಣಿ ಮೆಟ್ಟಿಲಿಗೇ ಬಂದು ತಾಗುತ್ತದೆ, ರೇಷ್ಮೆ ಸೀರೆಯವರು ಕೆಸರು ಮೆಟ್ಟದೆ ಹತ್ತುತ್ತಾರೆ, ನನ್ನನ್ನು ಹೊಗಳುತ್ತಾರೆ. ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಹಬ್ಬದ ದಿನವೇ ಮರಳು ಮೂಟೆಗಳ ಬಾಯಿ ಕಟ್ಟಿ ಕೋಡಿಗೆ ಅಡ್ಡ ಇಟ್ಟೆ. ಅಕ್ಕನಿಗೆ ಅಂದು ಜ್ವರ. ಕಂಬಳಿಯೊಳಗಿಂದ, ಮೋಡ ಕಟ್ಟಿದೆ, ಕೋಡಿ ನೋಡಿಕೊಂಡು ಬಾ ಎಂದಳು. ನೋಡಿದೆ, ಸರಿಯಾಗಿದೆ ಎಂದೆ.

ಸಂಜೆ ಹಿಡಿದ ಮಳೆ ಬೆಳಗಿನವರೆಗೂ ಬಿಡಲಿಲ್ಲ. ಬೆಳಕು ಹರಿದಾಗ ಏರಿಯ ನಡುವೆ ಎರಡು ಎತ್ತಿನ ಗಾಡಿ ಹೋಗುವಷ್ಟು ಬಾಯಿ ಬಿದ್ದಿತ್ತು. ಕೆರೆ ಇರಲಿಲ್ಲ. ದೋಣಿಗಳು ಕೆಸರಿನಲ್ಲಿ ಮಗ್ಗುಲಾಗಿ ಮಲಗಿದ್ದವು. ಕೆಳಗಿನ ಗೌಂಡರ ಸಣ್ಣ ಈರುಳ್ಳಿ ಹೊಲ ಕೊಚ್ಚಿಹೋಗಿತ್ತು. ಕೋಡಿಯಲ್ಲಿ ನನ್ನ ಮೂಟೆಗಳು ಮಾತ್ರ ಇಟ್ಟ ಹಾಗೆಯೇ ಇದ್ದವು.

ಮ್ಯಾನೇಜರ್ ನೂಲಿನ ಮಿಲ್ಲಿನಲ್ಲಿ ದುಡಿದು ಬಂದವನು. ಮೂಟೆಯ ಬಾಯಿ ಹಿಡಿದು ನೋಡಿದ. ಇದು ನೂಲಿನ ಗಂಟು, ಇಲ್ಲಿ ಇದು ಬರುವುದು ನಿಮ್ಮಿಬ್ಬರಿಗೇ, ಯಾರು ಕಟ್ಟಿದ್ದು ಎಂದು ಕೇಳಿದ. ಗೌಂಡರು, ಅಡುಗೆಯವರು, ಎಲ್ಲರೂ ಸುತ್ತ ನಿಂತಿದ್ದರು. ಅಕ್ಕ ಜ್ವರದಲ್ಲೇ ಎದ್ದು ಬಂದಿದ್ದಳು. ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

"ಅಕ್ಕಾತಾನುಂಗ," ಎಂದೆ ನಾನು. ಅಕ್ಕನೇ ಸ್ವಾಮಿ ಎಂದು. ನಮ್ಮ ಕಡೆಯ ತಮಿಳಿನಲ್ಲಿ ಅದು ಬಹಳ ಮರ್ಯಾದೆಯ ಮಾತು. ಆ ಮರ್ಯಾದೆಯೆಲ್ಲ ಮ್ಯಾನೇಜರನಿಗೆ ಹೋಯಿತು.

ಅಕ್ಕ ನನ್ನ ಮುಖ ನೋಡಲಿಲ್ಲ. ಬಗ್ಗಿ ಆ ಗಂಟನ್ನು ಹೆಬ್ಬೆರಳಿನಿಂದ ಸವರಿದಳು. ಆಮೇಲೆ ಅಲ್ಲಿ ಬೇರೆ ಯಾರಿಗೂ ತಿಳಿಯದ ನಮ್ಮ ಕನ್ನಡದಲ್ಲಿ, ಮೆಲ್ಲಗೆ, "ಚೆನ್ನಾಗಿ ಹಾಕಿದ್ದೀಯಾ ಕಣ್ಣು. ನಾನು ಕಲಿಸಿದ್ದು ಮರೀಲಿಲ್ಲ," ಎಂದಳು. ಮ್ಯಾನೇಜರನ ಕಡೆ ತಿರುಗಿ, ಹೌದು, ನಾನೇ ಎಂದು ತಮಿಳಿನಲ್ಲಿ ಒಪ್ಪಿಕೊಂಡಳು. ಗೌಂಡರು ಆಡಬಾರದ ಮಾತೆಲ್ಲ ಆಡಿದರು. ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನು ದೋಣಿಯ ಹಗ್ಗ ಸುತ್ತುತ್ತಾ ನಿಂತಿದ್ದೆ.

ಅವಳು ಅಂದೇ ಹೋದಳು. ತಿರುಪ್ಪೂರಿನ ಒಂದು ಕಂಪನಿಯಲ್ಲಿ ಬನಿಯನ್‌ಗಳ ಅಂಚಿನ ನೂಲು ಕತ್ತರಿಸುವ ಕೆಲಸಕ್ಕೆ ಸೇರಿದಳು. ಏರಿಯನ್ನು ಮತ್ತೆ ಕಟ್ಟಿದರು, ದೋಣಿಗಳು ಮತ್ತೆ ತೇಲಿದವು. ಅವಳ ಕೋಣೆಯನ್ನು ನನಗೆ ಕೊಟ್ಟರು. ಮಂಚ ಹಾಕಲು ಅಡ್ಡವಾಗುತ್ತದೆ ಎಂದು ಆ ಮಗ್ಗದ ಗುಂಡಿಯನ್ನು ಮಣ್ಣು ತುಂಬಿ ಮುಚ್ಚಿದವನೂ ನಾನೇ. ಇದನ್ನು ಬರೆಯುವಾಗ ಮೊದಲನೆಯದಕ್ಕಿಂತ ಇದಕ್ಕೇ ಹೆಚ್ಚು ನಾಚಿಕೆಯಾಗುತ್ತದೆ. ಮೊದಲನೆಯದನ್ನು ಹೆದರಿ ಮಾಡಿದೆ. ಇದನ್ನು ಮಾಡಲು ಯಾರೂ ಹೆದರಿಸಿರಲಿಲ್ಲ.

ತಪ್ಪು ಹೇಳಿಕೊಳ್ಳಬೇಕೆಂದು ಎಷ್ಟೋ ಸಲ ಅವಳ ಮನೆಗೆ ಹೋದೆ. ಹೋದಾಗಲೆಲ್ಲ ಮೊದಲು ಅನ್ನ ಬಡಿಸುತ್ತಿದ್ದಳು. ಆಮೇಲೆ ಅವಳು ಕೇಳುತ್ತಿದ್ದದ್ದು ಒಂದೇ.

"ಕೋಡಿ ಹರಿಯಿತಾ ಕಣ್ಣು?"

ಹರಿಯಿತು ಎನ್ನುತ್ತಿದ್ದೆ. ಅಷ್ಟರಲ್ಲಿ ಬಸ್ಸಿನ ಹೊತ್ತಾಗುತ್ತಿತ್ತು.

ಕೊನೆಗೆ ಎದೆನೋವು ಎಂದವಳು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು. ಕಾಲಿನ ಹೆಬ್ಬೆರಳೆರಡನ್ನೂ ಜೋಡಿಸಿ ಕಟ್ಟು ಎಂದು ಹಿರಿಯರು ನನ್ನ ಕೈಗೆ ನೂಲು ಕೊಟ್ಟರು. ಬಲಗಾಲಿನ ಬೆರಳು ಹತ್ತಿರ ಬರಲೊಲ್ಲದು. ಹಿಡಿದೆಳೆದು ಕಟ್ಟಿದೆ. ಕೈ ತಾನಾಗಿಯೇ ಆ ಗಂಟು ಹಾಕಿತು.

ಮಣ್ಣಿಗಿಡುವ ಮುಂಚೆ ಕಟ್ಟು ಬಿಚ್ಚಬೇಕು, ಅದು ಪದ್ಧತಿ. ಕೂತು ಉಗುರಿನಿಂದ ಕೆದಕಿದೆ, ಹಲ್ಲು ಹಚ್ಚಿದೆ. ಬರಲಿಲ್ಲ. ಹಿಂದೆ ನಿಂತವರು, ಬೇಗ ಬೇಗ ಎನ್ನುತ್ತಿದ್ದರು. ಕೊನೆಗೆ ಯಾರೋ ಬ್ಲೇಡು ಕೊಟ್ಟರು. ನೂಲು ಕತ್ತರಿಸಿದೆ. ಅಕ್ಕನ ಹೆಬ್ಬೆರಳು ಮೆಲ್ಲಗೆ ಸರಿದು, ಮೊದಲಿನ ಹಾಗೆ ದೂರ ನಿಂತಿತು.