ಏಳು ಗಂಟೆಯ ಮುದ್ದೆ

ನೋಡ್ರಪ್ಪ, ಇವತ್ತು ದೊಡ್ಡಉಳ್ಳಾರ್ತಿ ಊರಿನ ನಮ್ಮ ಮನೆಯಲ್ಲಿ ಒಂದು ತೀರ್ಮಾನವಾಯಿತು. ಮಹಡಿಯಲ್ಲಿ ಬಾಡಿಗೆಗಿರುವ, ಕನ್ನಡ ಕಲಿತ ದೆಹಲಿಯ ಹುಡುಗಿ ಊರಾಚೆ ಹುಲ್ಲುಗಾವಲಿನಲ್ಲಿರುವ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಊಟ ನಮ್ಮಲ್ಲೇ. ಸಂಜೆ ಏಳಕ್ಕೆ ನಾನು ಮುದ್ದೆ ಕಟ್ಟಿ ಕರೆದರೆ, ಅವಳು ಮೊಬೈಲಿನಲ್ಲಿ ಮೀಟಿಂಗ್ ಮಾಡುತ್ತಿದ್ದಳು.

“ಅಜ್ಜಿ, ನಮ್ಮ ಕಡೆ ಊಟ ಹತ್ತು ಗಂಟೆಗೆ. ಎತ್ತಿಡಿ.”

“ಎತ್ತಿಡಾಕೆ ಅದೇನು ಚಪಾತಿಯೇನವ್ವ? ಆರಿದ್ರೆ ಕಲ್ಲಾಗ್ತೈತೆ. ನಲವತ್ತು ವರ್ಷದಾಗೆ ಈ ಮನ್ಯಾಗೆ ಯಾರೂ ಆರಿದ ಮುದ್ದೆ ಉಂಡಿಲ್ಲ. ಇಳಿದು ಬಾ!”

ಆಗ ಮೊಬೈಲಿನಿಂದ ಅವಳ ಮೇಲಧಿಕಾರಿಯ ದನಿ ಕೇಳಿಸಿತು: “ಹೋಗಮ್ಮ, ಅಜ್ಜಿ ಹೇಳೋದು ಸರಿ ಐತೆ. ನಮ್ಮೂರೂ ಅದೇ ಕಡೆ, ಪರಶುರಾಂಪುರ; ಆರಿದ ಮುದ್ದೆ ಕಷ್ಟ ನಂಗೊತ್ತು. ಮೀಟಿಂಗ್ ನಾಳೆ ಮಾಡಾನ.”

ಹುಡುಗಿ ಇಳಿದು ಬಂದು ಬಿಸಿಬಿಸಿಯಾಗಿ ಉಂಡಳು. ವಿಜ್ಞಾನಿಗಳ ಮೀಟಿಂಗ್ ನಾಳೆಗೆ ಹೋಗಬಹುದು, ನನ್ನ ಮುದ್ದೆ ಹೋಗುವುದಿಲ್ಲ.