ದೇವರ ಬುಟ್ಟಿ, ತಿನ್ನುವ ಬುಟ್ಟಿ

ನಮ್ಮ ಅತ್ತೆಗೆ ಸುಳ್ಳು ಹೇಳಲು ಬರುವುದಿಲ್ಲ. ಸೊಸೆಯಾಗಿ ಬಂದ ಹೊಸದರಲ್ಲೇ ನನಗಿದು ಗೊತ್ತಾಯಿತು. ನಾನು ಮಾಡಿದ ಸಾರು ಹೇಗಿದೆ ಎಂದು ಕೇಳಿಬಿಟ್ಟಿದ್ದೆ. ಆದರೆ ಆ ಸ್ವಭಾವಕ್ಕೆ ನಾನು ಮನಸಾರೆ ತಲೆಬಾಗಿದ್ದು ಇತ್ತೀಚೆಗೆ, ಕಲಬುರಗಿಯ ಬೀದಿಯಲ್ಲಿ, ಎರಡು ಬುಟ್ಟಿ ಬಾಳೆಹಣ್ಣಿನ ಮುಂದೆ ಕೂತಾಗ.

ಅತ್ತೆ, ಮಾವ ಇರುವುದು ಕಮಲಾಪುರದಲ್ಲಿ. ಹೊಲದ ಒಂದು ಪಕ್ಕಕ್ಕೆ ಕೆಂಪು ಬಾಳೆಯ ತೋಟವಿದೆ. ಮದುವೆಯಾಗಿ ಬಂದಾಗ ಅತ್ತೆ ತವರಿನಿಂದ ತಂದು ನೆಟ್ಟ ಕಂದುಗಳ ಸಂತಾನವೇ ಅದೆಲ್ಲ. ಹಣ್ಣಿನ ರುಚಿಗೆ ಎರಡು ಮಾತಿಲ್ಲ. ಆದರೆ ಪೂರ್ತಿ ಹಣ್ಣಾಯಿತೆಂದರೆ ತೊಟ್ಟು ಸಡಿಲಾಗಿ ಒಂದೊಂದೇ ಉದುರುತ್ತದೆ, ಸಿಪ್ಪೆ ಕಪ್ಪಾಗುತ್ತದೆ. ಟೆಂಪೊದಲ್ಲಿ ಮಹಾಗಾಂವ ದಾಟಿ ಕಲಬುರಗಿ ಪೇಟೆ ಮುಟ್ಟುವಷ್ಟರಲ್ಲಿ ಅರ್ಧ ಬುಟ್ಟಿ ಮೆತ್ತಗಾಗಿರುತ್ತಿತ್ತು. ಮಾವನಿಗೆ ಸಾಕಾಗಿಹೋಗಿತ್ತು. “ಈ ಸಲ ಎಲ್ಲಾ ಕಿತ್ತು ಒಗದು ಕಬ್ಬು ಹಚ್ಚತೀನಿ” ಎಂದುಬಿಟ್ಟರು. ಅತ್ತೆ ಊಟದ ತಟ್ಟೆ ಹಾಗೇ ಬಿಟ್ಟು ತೋಟದ ಕಡೆ ಹೋದವರು ಬಹಳ ಹೊತ್ತು ಬರಲಿಲ್ಲ. ನನಗೆ ಸಂಕಟವಾಯಿತು.

ದಾರಿ ತೋರಿಸಿದವಳು ನನ್ನ ನಾದಿನಿ. ಕಲಬುರಗಿಯ ಗಾಜಿಪುರದ ನಮ್ಮ ಮನೆಯಲ್ಲೇ ಇದ್ದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಮೀನಿನ ಅಂಗಡಿಯವರು ತಿಪ್ಪೆಗೆ ಎಸೆಯುವ ಸೀಗಡಿ ಸಿಪ್ಪೆಯನ್ನು ತೊಳೆದು, ಒಣಗಿಸಿ, ಆಮ್ಲ, ಕ್ಷಾರಗಳಲ್ಲಿ ಸಂಸ್ಕರಿಸಿದರೆ ಬಿಳಿ ಪುಡಿ ಸಿಗುತ್ತದಂತೆ. ಅದನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಕರಗಿಸಿ ಹಣ್ಣು ಅದ್ದಿ ತೆಗೆದರೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕೂರುತ್ತದೆ. ಹಣ್ಣು ಬೇಗ ಕೆಡುವುದಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಅವಳೇ ಪುಡಿ ತಯಾರಿಸಿದಳು. ಎಲ್ಲ ಸರಿ, ಇದನ್ನು ಅತ್ತೆಗೆ ಹೇಳುವವರು ಯಾರು? ಕೊರಳಲ್ಲಿ ಲಿಂಗ ಕಟ್ಟಿದವರು ಅವರು, ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ ಅದು. ನಾದಿನಿ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಕಡೆಗೆ ಅವಳೇ ಹೇಳಿದಳು.

ಅತ್ತೆ ಪೂರ್ತಿ ಕೇಳಿಸಿಕೊಂಡರು. “ಮನಿಯಾಗ ಬ್ಯಾಡ. ಹೊಲದಾಗಿನ ಶೆಡ್ಡಿನ್ಯಾಗ ಮಾಡೋಣು” ಎಂದರು. ಮಗಳು ಅದ್ದಲು ಹೋದರೆ ಬಿಡಲಿಲ್ಲ. “ನನ್ನ ಬಾಳಿ, ನಾನೇ ಅದ್ದತೀನಿ.” ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕೈ ಹಾಕಿದರು. ವಿನೆಗರ್ ಬಿಟ್ಟರೆ ಬೇರೆ ವಾಸನೆಯೇ ಇರಲಿಲ್ಲ, ಆದರೂ ಸೆರಗು ಕೆಳಗಿಳಿಯಲಿಲ್ಲ. ಮುಗಿದ ಮೇಲೆ ತಲೆಗೆ ಸ್ನಾನ ಮಾಡಿಯೇ ಊಟಕ್ಕೆ ಕೂತರು.

ಲೇಪವಿಲ್ಲದ ಹಣ್ಣು ಎಂದಿನಂತೆ ಕಪ್ಪಾಗಿ ಉದುರಿದಾಗ, ಲೇಪ ಹಾಕಿದ್ದು ಇನ್ನೂ ಗಟ್ಟಿಯಾಗಿ ತೊಟ್ಟು ಹಿಡಿದುಕೊಂಡಿತ್ತು. ಮಾವ ಹಿಗ್ಗಿದರು. “ಇನ್ನೇನು, ಎಲ್ಲಾಕ್ಕೂ ಹಚ್ಚಿ ಪ್ಯಾಟಿಗೆ ಒಯ್ಯೋಣು. ಯಾರಿಗೂ ಹೇಳೋದು ಬ್ಯಾಡ. ಹೆಂಗೂ ಸಿಪ್ಪಿ ಸುಲದು ಒಗೀತಾರ.”

“ತಿನ್ನೋರು ಒಗೀತಾರ್ರಿ,” ಎಂದರು ಅತ್ತೆ, “ದೇವರ ಮುಂದ ಸಿಪ್ಪಿ ಸಮೇತ ಇಡತಾರಲ್ಲ.”

ನಾದಿನಿ ಇಷ್ಟೆಲ್ಲ ಓದಿದ್ದರೂ ಇದು ಅವಳಿಗೆ ಹೊಳೆದಿರಲಿಲ್ಲ, ನನಗಂತೂ ಹೊಳೆದಿರಲೇ ಇಲ್ಲ. ಮಾವ ರೇಗಿದರು. ಈ ಬುಟ್ಟಿ ಹೋಗದಿದ್ದರೆ ತೋಟ ಉಳಿಯುವುದಿಲ್ಲ, ಕಬ್ಬಿನ ಬೀಜಕ್ಕೆ ಹೇಳಿ ಆಗಿದೆ ಎಂದರು. ಆದರೂ ಅತ್ತೆಯ ಮಾತು ಬದಲಾಗಲಿಲ್ಲ. ಲೇಪ ಹಚ್ಚಿದ್ದು ತಿನ್ನುವ ಬುಟ್ಟಿ, ಹಚ್ಚದ್ದು ದೇವರ ಬುಟ್ಟಿ ಎಂದು ತೀರ್ಮಾನವಾಯಿತು.

ಕೋಟೆಯ ಹತ್ತಿರ ರಸ್ತೆ ಬದಿಗೆ ಅತ್ತೆ, ಮಾವ, ನಾನು ಕೂತೆವು. ಬಂದವರಿಗೆಲ್ಲ ಅತ್ತೆ ಬೆಲೆಗಿಂತ ಮೊದಲು ಸೀಗಡಿಯ ಕಥೆ ಹೇಳತೊಡಗಿದರು. ಕೇಳಿದವರು ಹಾವು ಕಂಡಂತೆ ಕೈ ಹಿಂದೆಗೆದರು. ಒಬ್ಬ ಬುರ್ಖಾ ತೊಟ್ಟ ಹೆಂಗಸು ಮಾತ್ರ ನಕ್ಕು, “ನಾವು ಝೀಂಗಾನೇ ತಿಂತೀವಿ, ಅದರ ಸಿಪ್ಪಿಗೆ ಅಂಜಬೇಕೇನು?” ಎಂದು ಒಂದು ಡಜನ್ ಒಯ್ದಳು. ದೇವರ ಬುಟ್ಟಿ ಬಹುಪಾಲು ಹೋಯಿತು, ಉಳಿದದ್ದು ಬಿಸಿಲಿಗೆ ಕಳಚಿ ಬಿತ್ತು. ತಿನ್ನುವ ಬುಟ್ಟಿ ಹೊತ್ತು ಇಳಿದರೂ ತುಂಬಿಯೇ ಇತ್ತು. “ಬಾಯಿ ಸುಮ್ಮನಿಟ್ಟಿದ್ರ ಖಾಲಿ ಆಗತಿತ್ತು” ಎಂದು ಮಾವ ಗೊಣಗಿದರು. ಆ ರಾತ್ರಿ ಅವರಿಬ್ಬರೂ ಗಾಜಿಪುರದ ನಮ್ಮ ಮನೆಯಲ್ಲೇ ಉಳಿದರು.

ಮರುದಿನ ಟೆಂಪೊದವನು ದೇವರ ಬುಟ್ಟಿಗೆ ಹೊಸ ಹಣ್ಣು ತಂದುಕೊಟ್ಟ. ತಿನ್ನುವ ಬುಟ್ಟಿಯನ್ನು ಇದ್ದ ಹಾಗೇ ಹೊತ್ತು ಹೋದೆವು. ಹಿಂದಿನ ದಿನ ಕೈ ಹಿಂದೆಗೆದಿದ್ದ ಒಬ್ಬಾಕೆ ನಿಂತು ಹಣ್ಣು ಒತ್ತಿ ನೋಡಿದಳು. “ಇವು ಇವತ್ತಿನವೇನ್ರಿ?” ಇವತ್ತಿನವೆಂದರೆ ಅವಳು ನಂಬುತ್ತಿದ್ದಳು, ಹಣ್ಣು ಹಾಗಿತ್ತು. ಅತ್ತೆ “ಇಲ್ರಿ, ನಿನ್ನಿ ನೀವು ಬಿಟ್ಟು ಹೋದುವೇ ಇವು” ಎಂದರು. ಆಕೆ ಮತ್ತೆ ಒತ್ತಿ ನೋಡಿ, ಮಕ್ಕಳಿಗೆಂದು ಕೊಂಡಳು. ಕೆಡದ ಹಣ್ಣಾದ್ದರಿಂದ ಅತ್ತೆಗೆ ಕಾಯುವುದು ಕಷ್ಟವಾಗಲಿಲ್ಲ. ನಿಧಾನಕ್ಕೆ ಬುಟ್ಟಿ ತಗ್ಗತೊಡಗಿತು.

ಮಧ್ಯಾಹ್ನ ಅತ್ತೆ ನೀರು ತರಲು ಎದ್ದು ಹೋಗಿದ್ದರು. ಚೀಲದಲ್ಲಿ ತೆಂಗಿನಕಾಯಿ, ಊದುಬತ್ತಿ ಹಿಡಿದ ಒಬ್ಬರು ಬಂದು ತಿನ್ನುವ ಬುಟ್ಟಿಗೆ ಕೈ ಹಾಕಿ, ಮನೆಯಲ್ಲಿ ಪೂಜೆಯಿದೆ, ಇರುವುದನ್ನೆಲ್ಲ ಕಟ್ಟಿಕೊಡಿ ಎಂದರು. ಮಾವ ನನ್ನ ಕಡೆ ನೋಡಿದರು. ನಾನು ಚಿಲ್ಲರೆ ಎಣಿಸುತ್ತ ಕೂತೆ. ಏನು ಮಾಡುತ್ತಾರೋ ನೋಡೋಣ ಎನಿಸಿತ್ತು. ಮಾವ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು.

“ಅವು ದೇವರಿಗೆ ಬ್ಯಾಡ್ರಿ,” ಎಂದರು ಕೊನೆಗೆ. “ಸೀಗಡಿ ಸಿಪ್ಪೀದು ಲೇಪ ಹಚ್ಚೇವಿ. ಈ ಬುಟ್ಟ್ಯಾಗ ಸ್ವಲ್ಪೇ ಉಳದಾವ, ಇವನ್ನ ಒಯ್ರಿ.”

ಬಂದವರು ಆ ಸ್ವಲ್ಪವನ್ನೇ ಒಯ್ದರು. ಅತ್ತೆ ಹಿಂದೆ ತಂಬಿಗೆ ಹಿಡಿದು ನಿಂತಿದ್ದನ್ನು ಮಾವ ನೋಡಿದ್ದು ಆಮೇಲೆಯೇ.

“ಹಂಗ್ಯಾಕ ನೋಡಾಕತ್ತಿ?” ಎಂದರು. “ಕಬ್ಬಿನ ಬೀಜದವಗ ಬ್ಯಾಡಂತ ಹೇಳತೀನಿ. ಹೊಸಾ ಕಂದು ಎಲ್ಲಿ ಹಚ್ಚಬೇಕು, ನಾಳೆ ನೀನೇ ತೋರಸು.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ತಮಗೆಂದು ತಂದ ನೀರನ್ನು ಮೊದಲು ಅವರಿಗೆ ಕೊಟ್ಟರು.