ಬಸಿಯ ಮೇಲಿನ ಕರಿ ಗೀರು

ನಿಜಾಮರ ಕಾಲದಲ್ಲಿ ಯಲಬುರ್ಗಿಯ ನಮ್ಮ ಓಣಿಯಲ್ಲಿ ಚಿನ್ನ-ಬೆಳ್ಳಿ ಕೆಲಸದ ಪತ್ತಾರರೊಬ್ಬರಿದ್ದರು. ಹೊಳೆಯುವ ಕಲ್ಲು ಯಾರೇ ತರಲಿ, ಒಡೆದ ಪಿಂಗಾಣಿ ಚಹಾ ಬಸಿಯ ಮೆರುಗಿಲ್ಲದ ತಳಕ್ಕೆ ತಿಕ್ಕಿ, "ಹೊಳಪು ನಂಬಬ್ಯಾಡ್ರಿ, ಗೀರು ನೋಡ್ರಿ" ಎನ್ನುತ್ತಿದ್ದರು.

ತಳಕಲ್ ಊರಲ್ಲಿ ಬಾವಿ ತೋಡುವಾಗ ಸಿಕ್ಕ ಕಲ್ಲನ್ನು ಎಲ್ಲರೂ ಬೆಳ್ಳಿ ಎಂದರು. ಇವರು ತಿಕ್ಕಿದರೆ ಬೆಳ್ಳಿಯ ಬಿಳಿ ಗೀರಲ್ಲ, ಕರಿ ಗೀರು ಬಿತ್ತು, ಸುತ್ತಿಗೆಯಿಂದ ಹೊಡೆದರೆ ಬೆಳ್ಳುಳ್ಳಿ ವಾಸನೆ ಬಂತು. "ಗಂಧಕ, ಪಾಷಾಣ ಕೂಡಿದ ಕಬ್ಬಿಣದ ಕಲ್ಲಿದು. ನಮ್ಮ ಕಡೆ ಭಾಳ ಅಪರೂಪ" ಎಂದು ಹತ್ತಿಯಲ್ಲಿ ಸುತ್ತಿಟ್ಟರು.

ಹೈದರಾಬಾದಿನಿಂದ ಗಣಿ ತಪಾಸಣೆಗೆ ಬಂದ ಸಾಹೇಬನೊಬ್ಬ, "ಪತ್ತಾರಗ ಕಲ್ಲಿಂದೇನ್ ತಿಳೀತೈತಿ?" ಎಂದು ನಕ್ಕು, ಅದನ್ನೇ ಕಿಸೆಗಿಳಿಸಿಕೊಂಡು ಹೋದ. ಮುಂದೆ ನಾನಿದ್ದ ತಾಲೂಕು ಕಚೇರಿಗೆ ಬಂದ ವರದಿಯಲ್ಲಿ ಆ ಕಲ್ಲು ಕಂಡುಹಿಡಿದವನೆಂದು ತನ್ನ ಹೆಸರನ್ನೇ ಬರೆದುಕೊಂಡಿದ್ದ, ನಾಚಿಕೆಗೆಟ್ಟವ!

ನಾನು ಕೂಗಾಡಿದೆ. ಪತ್ತಾರರು ಬಸಿ ಮಗುಚಿ ನನ್ನೆದುರು ಹಿಡಿದರು. "ಕಲ್ಲು ಒಯ್ದಾನ. ಗೀರು ಇಲ್ಲೇ ಐತಿ."